ಪ್ರತಿಕ್ರಿಯೆ: ಗಡಿಬಿಡಿಯ ವಾರ್ಡಿನಲ್ಲಿ ಪಿಜಿ ವಿದ್ಯಾರ್ಥಿಗಳ ಮೌಲ್ಯಮಾಪನ

ಮೆಡಿಸಿನ್ ವಾರ್ಡಿನಲ್ಲಿ ಪಿಜಿ (ಸ್ನಾತಕೋತ್ತರ ವೈದ್ಯಕೀಯ) ವಿದ್ಯಾರ್ಥಿಗಳೆಲ್ಲರಿಗೂ ‘ತೃಪ್ತಿಕರ’ ಎಂದೇ ಬರೆಯುವಂತಾಗುತ್ತಿದೆ, ನ್ಯಾಯವಾಗಿ ಅಳೆಯುವುದು ಹೇಗೆ ಎಂದು ಕೇಳಿದ್ದೀರಿ. ರೌಂಡ್ಸ್‌ನಲ್ಲಿ ಕೇಸನ್ನು ಸೊಗಸಾಗಿ ಒಪ್ಪಿಸಿದವರು ರೋಗಿಯನ್ನೂ ಸರಿಯಾಗಿ ಪರೀಕ್ಷಿಸಿರುತ್ತಾರೆಂದು ನಾವು ನಂಬಿಬಿಡುವುದೇ ಈ ತೊಡಕಿನ ಮೂಲವೆಂದು ನನ್ನ ಅಭಿಪ್ರಾಯ.

ವಿದ್ಯಾರ್ಥಿಯು ರೋಗಿಯನ್ನು ನೋಡುವುದನ್ನು ನೇರವಾಗಿ ಗಮನಿಸಿ ಅಳೆಯುವ ಮಿನಿ-ಸಿಇಎಕ್ಸ್ ಪದ್ಧತಿಯನ್ನು ಬಳಸಿ ನೋಡಿ. ವಿದ್ಯಾರ್ಥಿಯು ರೋಗಿಯೊಡನೆ ಇರುವ 15–20 ನಿಮಿಷ ನೀವು ನಡುವೆ ಬಾಯಿ ಹಾಕದೆ ಗಮನಿಸಿ, ಬಳಿಕ 5–10 ನಿಮಿಷ ಅಲ್ಲಿಯೇ ಹಿಮ್ಮಾಹಿತಿ ನೀಡಬೇಕು. ಪ್ರತಿ ಸಲವೂ ಇಡೀ ಪರೀಕ್ಷೆಯನ್ನು ನೋಡಲೇಬೇಕೆಂದಿಲ್ಲ. ಜೆವಿಪಿ (ಕತ್ತಿನ ಅಭಿಧಮನಿಯಲ್ಲಿನ ಒತ್ತಡ) ನೋಡುವ ಮುನ್ನ ಹಾಸಿಗೆಯ ತಲೆಭಾಗವನ್ನು ಸುಮಾರು 45 ಡಿಗ್ರಿಗೆ ಏರಿಸಿದರೇ, ಸ್ಟೆತಾಸ್ಕೋಪನ್ನು ಅಂಗಿಯ ಮೇಲೆಯೇ ಇಟ್ಟರೇ ಎಂಬಷ್ಟನ್ನು ಗಮನಿಸಿದರೂ ಬಹಳಷ್ಟು ತಿಳಿಯುತ್ತದೆ. ‘ಇನ್ನಷ್ಟು ಓದಿ’ ಎಂಬ ಷರಾದಿಂದ ಯಾರಿಗೂ ಉಪಯೋಗವಿಲ್ಲ. ‘ಇನ್ಸುಲಿನ್ ಚುಚ್ಚಿಕೊಳ್ಳುವ ಕ್ರಮವನ್ನು ವಿವರಿಸಿದಿರಿ, ಆದರೆ ರೋಗಿಯಿಂದ ತಿರುಗಿ ಹೇಳಿಸಲಿಲ್ಲ’ ಎಂದರೆ ಮರುದಿನವೇ ತಿದ್ದಿಕೊಳ್ಳಬಹುದು.

ಒಂದೇ ವೀಕ್ಷಣೆಯಿಂದ ತೀರ್ಮಾನಕ್ಕೆ ಬರದೆ, ಬೇರೆ ಬೇರೆ ರೋಗಿಗಳೊಡನೆ, ಬೇರೆ ಬೇರೆ ಅಧ್ಯಾಪಕರು ನೋಡಿದ್ದನ್ನು ಅಂದಂದೇ ಬರೆದಿಡಿ. ತಿಂಗಳ ಕೊನೆಗೆ ಲಾಗ್‌ಬುಕ್‌ಗಳ ರಾಶಿಗೆ ಸಹಿ ಹಾಕುವಾಗ (ನಾವೆಲ್ಲ ಹಾಗೆಯೇ ಮಾಡುತ್ತೇವೆ, ಬಿಡಿ) ತೀರಾ ಜಾಣರು ಮತ್ತು ತೀರಾ ಹಿಂದುಳಿದವರು ಮಾತ್ರ ನೆನಪಾಗುತ್ತಾರೆ. ಸಿಸ್ಟರ್‌ಗಳ ಅಭಿಪ್ರಾಯವನ್ನೂ ಪಡೆಯಿರಿ. ರಾತ್ರಿ ಕರೆದಾಗ ಯಾರು ಬರುತ್ತಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.