ಓದುಗರ ಪ್ರಶ್ನೆ: ಮರೆವಿನ ಕಾಯಿಲೆಯವರಿಗೆ ಆರೈಕೆಯ ಮನೆ ಹುಡುಕುವಾಗ

ಪ್ರಶ್ನೆ: ಮಾನ್ಯರೆ, ನಾನು ಹಾಸನದಲ್ಲಿ ಪ್ರೌಢಶಾಲಾ ಶಿಕ್ಷಕ. ನನ್ನ ತಾಯಿಗೆ 76 ವರ್ಷ. ತಂದೆ ತೀರಿಕೊಂಡ ಮೇಲೆ ಆಲೂರು ತಾಲ್ಲೂಕಿನ ನಮ್ಮೂರಿನಿಂದ ಅವರನ್ನು ಇಲ್ಲಿಗೆ ಕರೆದುಕೊಂಡು ಬಂದೆವು. ನಿಮ್ಹಾನ್ಸ್‌ನಲ್ಲಿ ತೋರಿಸಿದಾಗ ಅಲ್ಝೈಮರ್ ಎಂದರು. ಈಗ ಸಂಜೆಯಾದರೆ ಸಾಕು, ‘ಕತ್ತಲಾಯ್ತು, ಹಾಲು ಕರೀಬೇಕು’ ಎಂದು ಚಪ್ಪಲಿ ಕೂಡ ಮೆಟ್ಟದೆ ಹೊರಟುಬಿಡುತ್ತಾರೆ, ಒಮ್ಮೆ ಬಿ.ಎಂ. ರಸ್ತೆಯವರೆಗೂ ಹೋಗಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ನೋಡಿಕೊಳ್ಳಲು ಬಂದ ಹೆಂಗಸರು ರಾತ್ರಿ ನಿದ್ದೆಯಿಲ್ಲವೆಂದು ಬಿಟ್ಟು ಹೋದರು. ಊರ ಹೊರಗಿನ ಒಂದು ವೃದ್ಧಾಶ್ರಮವನ್ನು ನೋಡಿ ಬಂದಿದ್ದೇವೆ: ಹೊಸ ಕಟ್ಟಡ, ತೋಟ, ದೇವರ ಕೋಣೆ, ಎಲ್ಲ ಕೋಣೆಗೂ ಕ್ಯಾಮೆರಾ, ಮೊಬೈಲಿನಲ್ಲೇ ನೋಡಬಹುದಂತೆ. ಬೆಂಗಳೂರಿನಲ್ಲಿರುವ ತಂಗಿ ಅಲ್ಲಿ ಇಂಥ ರೋಗಿಗಳಿಗೇ ಮೀಸಲಾದ ಕೇಂದ್ರಕ್ಕೆ ಸೇರಿಸೋಣ ಎನ್ನುತ್ತಾಳೆ. ಅದಕ್ಕೆ ಖರ್ಚು ಹೆಚ್ಚು. ‘ಹೆತ್ತ ತಾಯಿಯನ್ನು ಆಶ್ರಮಕ್ಕೆ ತಳ್ಳುತ್ತಾರೆ’ ಎಂಬ ನೆಂಟರ ಮಾತು ಬೇರೆ. ಏನನ್ನು ನೋಡಿ ನಿರ್ಧರಿಸಬೇಕು?
(ಹೆಸರು ಬೇಡ, ಹಾಸನ)

ಉತ್ತರ: ರಾತ್ರಿಯೆಲ್ಲ ಎಚ್ಚರವಿದ್ದು ಬೆಳಿಗ್ಗೆ ಶಾಲೆಗೆ ಹೋಗುವವರು ನೀವು. ನೆಂಟರ ಮಾತನ್ನು ಇಲ್ಲಿಗೇ ಬಿಟ್ಟು ನೀವು ಕೇಳಿದ್ದಕ್ಕೆ ಬರುತ್ತೇನೆ.

ಕಟ್ಟಡ, ತೋಟ, ದೇವರ ಕೋಣೆ ಇವೆಲ್ಲ ಹಗಲು ಹನ್ನೊಂದು ಗಂಟೆಗೆ ನೋಡಲು ಹೋದವರ ಕಣ್ಣಿಗೆ ಬೀಳುವಂಥವು. ನಿಮ್ಮ ತಾಯಿಯವರ ತೊಂದರೆ ಶುರುವಾಗುವುದು ಸಂಜೆ. ಡಿಮೆನ್ಷಿಯಾ (ಅಲ್ಝೈಮರ್‌ನಂತಹ ಮರೆವಿನ ಕಾಯಿಲೆ) ಇರುವ ಬಹಳಷ್ಟು ಮಂದಿಗೆ ಹೊತ್ತು ಇಳಿಯುತ್ತಿದ್ದಂತೆ ಗೊಂದಲವೂ ಚಡಪಡಿಕೆಯೂ ಮನೆಗೆ ಹೋಗಬೇಕೆಂಬ ಹಟವೂ ಹೆಚ್ಚುತ್ತವೆ. ಹಗಲು ಪಾಳಿಯವರು ಹೊರಡುವುದು, ರಾತ್ರಿ ಊಟದ ಗಡಿಬಿಡಿ ಏಳುವುದು ಕೂಡ ಅದೇ ಹೊತ್ತಿಗೆ. ಆದ್ದರಿಂದ ಒಂದು ಆರೈಕೆಯ ಮನೆ ಎಂಥದೆಂದು ತಿಳಿಯಬೇಕಾದರೆ ಸಂಜೆ ಐದೂವರೆಯಿಂದ ಮರುದಿನದ ಸ್ನಾನದವರೆಗೆ ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ತಿಳಿಯಬೇಕು. ಮೊದಲ ಭೇಟಿಯನ್ನು ಹೇಳಿಯೇ ಮಾಡಿರುತ್ತೀರಿ. ಎರಡನೆಯದನ್ನು ಹೇಳದೆ, ದೀಪ ಹಚ್ಚುವ ಹೊತ್ತಿಗೆ ಮಾಡಿ. ಆ ಹೊತ್ತಿನಲ್ಲಿ ಒಳಗೆ ಬಿಡುವುದಿಲ್ಲ ಎಂದರೆ ಕಾರಣ ಕೇಳಿ. ಉಳಿದವರ ಖಾಸಗಿತನದ ಕಾರಣಕ್ಕೆ ಮಲಗುವ ಕೋಣೆಗಳಿಗೆ ಬಿಡದಿರುವುದು ಸರಿ, ಹಜಾರದಲ್ಲಿ ಅರ್ಧ ಗಂಟೆ ಕೂರಲೂ ಬಿಡದಿರುವುದು ಸರಿಯಲ್ಲ.

ಆ ಅರ್ಧ ಗಂಟೆಯಲ್ಲಿ ನೋಡಬೇಕಾದದ್ದು ಸಾಕಷ್ಟಿದೆ. ಯಾರಾದರೊಬ್ಬರು ಬಾಗಿಲ ಬಳಿ ಬಂದು ಚಿಲಕ ಅಲ್ಲಾಡಿಸುತ್ತಿದ್ದರೆ ಆಯಾ ಏನು ಮಾಡುತ್ತಾರೆ, ದೂರದಿಂದಲೇ ‘ಅಜ್ಜಿ, ಕೂತ್ಕೋ’ ಎಂದು ಕೂಗುತ್ತಾರೋ, ರಟ್ಟೆ ಹಿಡಿದು ಎಳೆದು ಕೂರಿಸುತ್ತಾರೋ, ಪಕ್ಕಕ್ಕೆ ಬಂದು ಮಾತನಾಡಿಸುತ್ತ ಎರಡು ಸುತ್ತು ಜೊತೆಯಲ್ಲಿ ನಡೆಯುತ್ತಾರೋ ನೋಡಿ. ಎಲ್ಲರನ್ನೂ ಸಾಲಾಗಿ ಟಿ.ವಿ. ಮುಂದೆ ಕೂರಿಸಿ, ಏಳದಂತೆ ಕುರ್ಚಿಗೆ ಅಡ್ಡಲಾಗಿ ಮೇಜು ಸರಿಸಿಟ್ಟಿದ್ದರೆ ಅದೂ ಕಟ್ಟಿಹಾಕಿದ ಹಾಗೆಯೇ. ಮ್ಯಾನೇಜರ್ ಬಳಿ ಕೇಳುವ ಪ್ರಶ್ನೆಗಳಿಗೆ ಮ್ಯಾನೇಜರ್ ಬಳಿ ಉತ್ತರ ಸಿದ್ಧವಿರುತ್ತದೆ. ಹಾಗಾಗಿ ನಿಮ್ಮ ತಾಯಿಯವರ ವಿಷಯವನ್ನೇ ಒಬ್ಬ ಆಯಾಗೆ ಕೇಳಿ: ‘ಸಂಜೆ ಹಾಲು ಕರೀಬೇಕು ಅಂತ ಹೊರಟುಬಿಡ್ತಾರೆ, ನೀವಾದ್ರೆ ಏನ್ ಮಾಡ್ತೀರಮ್ಮ?’ ‘ಎಷ್ಟು ಹಸು ಇತ್ತು ಅಂತ ಕೇಳ್ತೀವಿ, ಮಾತಾಡ್ತಾ ಕಾಫಿ ಕೊಡ್ತೀವಿ’ ಎಂದವರು ಕೆಲಸ ಬಲ್ಲವರು. ‘ಗೇಟಿಗೆ ಬೀಗ ಇರುತ್ತಲ್ಲ’ ಎಂಬ ಉತ್ತರ ಬಂದರೆ ತರಬೇತಿ ಸಾಲದೆಂದು ತಿಳಿಯಿರಿ. ‘ಮಾತ್ರೆ ಕೊಟ್ರೆ ಮಲಗಿಬಿಡ್ತಾರೆ’ ಎಂಬ ಉತ್ತರ ಬಂದರೆ ಆ ಜಾಗ ಎಷ್ಟೇ ಚೆನ್ನಾಗಿದ್ದರೂ ಬೇಡ.

ಮಾತ್ರೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನ ಕುಟುಂಬಗಳು ಕೇಳಲು ಮರೆಯುವುದು ಇದನ್ನೇ. ರಿಸ್ಪೆರಿಡೋನ್, ಕ್ವಿಟಿಯಾಪಿನ್, ಹ್ಯಾಲೊಪೆರಿಡಾಲ್‌ನಂತಹ ಔಷಧಗಳನ್ನು ಉದ್ರೇಕ ತೀವ್ರವಾದಾಗ ಮನೋವೈದ್ಯರು ಸಣ್ಣ ಪ್ರಮಾಣದಲ್ಲಿ, ಸ್ವಲ್ಪ ಕಾಲಕ್ಕೆ ಕೊಡುವುದುಂಟು. ಆದರೆ ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಇವು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೊಸ ತಲೆಮಾರಿನ ಔಷಧಗಳ ಬಗ್ಗೆ 2005ರಲ್ಲಿಯೂ ಹಳೆಯವುಗಳ ಬಗ್ಗೆ 2008ರಲ್ಲಿಯೂ ಕೊಟ್ಟಿದೆ. ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾದಲ್ಲಂತೂ ಇಂಥ ಔಷಧದಿಂದ ರೋಗಿ ಮರದಂತೆ ಸೆಟೆದುಕೊಳ್ಳುವ ಅಪಾಯವಿದೆ. ಆದ್ದರಿಂದ ಔಷಧ ಬರೆಯುವ ವೈದ್ಯರು ಯಾರು, ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಹೊಸ ಮಾತ್ರೆ ಶುರುಮಾಡುವ ಮೊದಲು ನಿಮಗೆ ಫೋನ್ ಮಾಡುತ್ತಾರೆಯೇ, ‘ಬೇಕಾದಾಗ ಕೊಡಿ’ ಎಂದು ಬರೆದ ಮಾತ್ರೆಯನ್ನು ರಾತ್ರಿ ಕೊಡಲು ತೀರ್ಮಾನಿಸುವವರು ಯಾರು ಎಂದು ಕೇಳಿ. ಕಟ್ಟಿಹಾಕುವುದರ ಬಗ್ಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಂ ಸ್ಪಷ್ಟವಾಗಿದೆ: ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಒಪ್ಪಿಗೆಯ ಮೇಲೆ ಮಾತ್ರ ಅದಕ್ಕೆ ಅವಕಾಶ, ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ಮಾಡುವಂತಿಲ್ಲ, ಮಾಡಿದರೆ ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಈ ಕಲಂ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಹೇಳಿದ್ದಾದರೂ, ಅದೇ ಅಳತೆಗೋಲನ್ನು ನೀವು ವೃದ್ಧಾಶ್ರಮದ ಮುಂದೆಯೂ ಇಡಬಹುದು, ಇಡಬೇಕು.

ಕ್ಯಾಮೆರಾ ಬಗ್ಗೆ ನನಗೆ ಅಂಥ ಭರವಸೆಯಿಲ್ಲ. ರಾತ್ರಿ ಎರಡು ಗಂಟೆಗೆ ನಿಮ್ಮ ತಾಯಿಯವರು ಮಂಚದಿಂದ ಇಳಿಯುವುದನ್ನು ನೀವು ಮೊಬೈಲಿನಲ್ಲಿ ಕಂಡರೂ ಹಿಡಿದುಕೊಳ್ಳಲು ಅಲ್ಲಿ ಒಬ್ಬರಿರಬೇಕಲ್ಲ? ರಾತ್ರಿ ಒಂಬತ್ತರ ಮೇಲೆ ಎಷ್ಟು ಮಂದಿಯನ್ನು ಎಷ್ಟು ಜನ ನೋಡಿಕೊಳ್ಳುತ್ತಾರೆ, ಅವರು ಎಚ್ಚರವಿರುವ ಪಾಳಿಯವರೋ ಅಥವಾ ಹಗಲು ದುಡಿದು ಅಲ್ಲೇ ಮಲಗುವವರೋ ಎಂದು ಕೇಳಿ. ಎಲ್ಲ ಕೋಣೆಗೂ ಕ್ಯಾಮೆರಾ ಎಂದರೆ ಬಟ್ಟೆ ಬದಲಾಯಿಸುವುದೂ ಡೈಪರ್ ಹಾಕುವುದೂ ಯಾರ ಯಾರ ಮೊಬೈಲಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ.

ಇನ್ನು, ಆ ಸಂಸ್ಥೆ ನಿಮ್ಮ ತಾಯಿಯವರನ್ನು ಕೊನೆಯವರೆಗೆ ಇಟ್ಟುಕೊಳ್ಳುತ್ತದೆಯೇ ಎಂಬ ಪ್ರಶ್ನೆ. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಆದರೂ ನಮ್ಮ ಕಡೆಯ ವೃದ್ಧಾಶ್ರಮಗಳಲ್ಲಿ ಹೆಚ್ಚಿನವು ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲ ಹಿರಿಯರಿಗಾಗಿ ಕಟ್ಟಿದವು. ಇಂದು ನಡೆದಾಡುವ ನಿಮ್ಮ ತಾಯಿಯವರನ್ನು ಸೇರಿಸಿಕೊಂಡು, ನಾಳೆ ಹಾಸಿಗೆ ಹಿಡಿದಾಗ ‘ಕರೆದುಕೊಂಡು ಹೋಗಿ’ ಎಂದರೆ ಕೈಕಾಲು ಬಿದ್ದ ಸ್ಥಿತಿಯಲ್ಲಿ ಮತ್ತೊಂದು ಜಾಗ ಹುಡುಕಬೇಕಾಗುತ್ತದೆ. ಮರೆವಿನ ಕಾಯಿಲೆಯವರು ಈಗ ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಹಾಸಿಗೆ ಹಿಡಿದವರಿದ್ದಾರೆಯೇ, ಯಾವ ಕಾರಣಕ್ಕೆ ವಾಪಸು ಕಳಿಸುತ್ತೀರಿ ಎಂಬುದಕ್ಕೆ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಠೇವಣಿ ಎಷ್ಟು ದಿನದಲ್ಲಿ ವಾಪಸು, ಡೈಪರ್, ಔಷಧ, ಆಂಬುಲೆನ್ಸ್‌ನ ಖರ್ಚು ತಿಂಗಳ ಹಣದಲ್ಲಿ ಸೇರಿದೆಯೇ ಎಂಬುದೂ ಅದೇ ಕಾಗದದಲ್ಲಿರಲಿ.

ಅಡುಗೆಯ ರುಚಿ ನೋಡುವುದಕ್ಕಿಂತ ಉಣ್ಣಿಸುವ ರೀತಿಯನ್ನು ನೋಡಿ. ನಮ್ಮ ಹಾಸನದ ಕಡೆಯವರಿಗೆ ಮುದ್ದೆ ಇಲ್ಲದ ಊಟ ಊಟವಲ್ಲ, ನಿಜ. ಆದರೆ ಕಾಯಿಲೆ ಮುಂದುವರಿದಂತೆ ನುಂಗುವುದೇ ಕಷ್ಟವಾಗಿ, ಅನ್ನ ಗಂಟಲಲ್ಲಿ ನಿಲ್ಲುವುದು, ತಿಳಿನೀರು ಕೂಡ ಕೆಮ್ಮು ತರಿಸಿ ಶ್ವಾಸಕೋಶಕ್ಕೆ ಇಳಿಯುವುದು ಆಗುತ್ತದೆ. ಆಗ ನೆಟ್ಟಗೆ ಕೂರಿಸಿ, ಗಟ್ಟಿ ಗಂಜಿಯ ಹದದಲ್ಲಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದು ಎಂಬಂತೆ ಉಣ್ಣಿಸಬೇಕು. ಒಬ್ಬ ಆಯಾ ನಿಂತುಕೊಂಡೇ ಮೂವರ ಬಾಯಿಗೆ ಸರದಿಯಲ್ಲಿ ಚಮಚ ಹಿಡಿಯುತ್ತಿದ್ದರೆ ಅಲ್ಲಿಯ ಸಿಬ್ಬಂದಿಯ ಲೆಕ್ಕ ನಿಮಗೆ ಸಿಕ್ಕಿದಂತೆಯೇ. ತಿಂಗಳಿಗೊಮ್ಮೆ ತೂಕ ಬರೆದಿಡುವ ರಿಜಿಸ್ಟರ್ ಇದೆಯೇ ಕೇಳಿ. ಹಾಗೆಯೇ ಇತ್ತೀಚೆಗೆ ಯಾರಿಗಾದರೂ ಹಾಸಿಗೆ ಹುಣ್ಣಾಗಿತ್ತೇ, ಆದಾಗ ಏನು ಮಾಡಿದಿರಿ ಎಂದೂ ಕೇಳಿ. ಯಾರಿಗೂ ಎಂದೂ ಆಗಿಲ್ಲ ಎಂದು ಹೇಳುವವರನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ.

ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತು. ಬಾಚುವ ಕೆಲಸ ಉಳಿಯಲಿ ಎಂದು ಕೂದಲನ್ನು ಕತ್ತರಿಸಿ, ಸೀರೆ ಬಿಡಿಸಿ ಎಲ್ಲರಿಗೂ ನೈಟಿ ಹಾಕುವ ಜಾಗಗಳಿವೆ. ಜೀವಮಾನವೆಲ್ಲ ತುರುಬು ಕಟ್ಟಿದವರಿಗೆ ಕನ್ನಡಿಯಲ್ಲಿ ಕಾಣುವವರು ಯಾರೋ ಆಗಿಬಿಡುತ್ತಾರೆ. ಮೊದಲೇ ಗುರುತು ತಪ್ಪುತ್ತಿರುವವರಿಗೆ ಅದು ಸಣ್ಣ ಪೆಟ್ಟಲ್ಲ. ನಿಮ್ಮನ್ನು ಕೇಳದೆ ಕೂದಲು ಕತ್ತರಿಸಬಾರದೆಂದು ಸೇರಿಸುವ ದಿನವೇ ಹೇಳಿ. ಆಯಾಗಳಲ್ಲಿ ಕನ್ನಡ ಆಡುವವರು ಪ್ರತಿ ಪಾಳಿಯಲ್ಲೂ ಇದ್ದಾರೆಯೇ ಎಂಬುದೂ ಮುಖ್ಯ. ಕೆಲಸ ಅರಸಿ ದೂರದ ರಾಜ್ಯಗಳಿಂದ ಬಂದ ಹೆಣ್ಣುಮಕ್ಕಳು ಅಕ್ಕರೆಯಿಂದ ನೋಡಿಕೊಳ್ಳುವುದನ್ನು ನಾನು ಕಂಡಿದ್ದೇನೆ, ಆದರೆ ‘ಹೊಟ್ಟೆ ತೊಳಸ್ತದೆ’ ಎಂಬ ಮಾತು ನಡುರಾತ್ರಿ ಯಾರಿಗಾದರೂ ಅರ್ಥವಾಗಬೇಕು.

ಹಾಸನವೋ ಬೆಂಗಳೂರೋ ಎಂಬುದಕ್ಕೆ ನನ್ನ ಅಭಿಪ್ರಾಯ ಹೀಗಿದೆ. ಸಂಜೆಯ ಭೇಟಿಯಲ್ಲಿ ಹಾಸನದ ಜಾಗ ಸಾಧಾರಣವಾಗಿ ಗೆದ್ದರೂ ಅದನ್ನೇ ಆರಿಸಿ, ಏಕೆಂದರೆ ಶಾಲೆ ಬಿಟ್ಟ ಮೇಲೆ ವಾರದಲ್ಲಿ ಎರಡು ಮೂರು ಸಲ, ಬೇರೆ ಬೇರೆ ಹೊತ್ತಿನಲ್ಲಿ ನೀವು ಹೋಗಬಹುದು, ಮನೆಯವರು ಯಾವಾಗ ಬೇಕಾದರೂ ಬಂದಾರು ಎಂದು ಗೊತ್ತಿರುವ ಕಡೆ ಆರೈಕೆಯೂ ಎಚ್ಚರದಿಂದಿರುತ್ತದೆ. ರಾತ್ರಿ ಸಿಬ್ಬಂದಿ ಇಲ್ಲದಿದ್ದರೆ, ಅಥವಾ ಗೇಟಿನಿಂದ ರಸ್ತೆಗೆ ಹೋಗುವುದನ್ನು ತಡೆಯುವ ವ್ಯವಸ್ಥೆ ಬೀಗವೊಂದೇ ಆಗಿದ್ದರೆ, ಸುಮಾರು 180 ಕಿ.ಮೀ. ದೂರವಾದರೂ ಬೆಂಗಳೂರೇ ಸರಿ. ಆಗ ಹೇಳದೆ ಹೋಗಿ ನೋಡುವ ಕೆಲಸವನ್ನು ತಂಗಿಯವರೇ ವಹಿಸಿಕೊಳ್ಳಬೇಕು.

ಯಾವುದೇ ಆದರೂ ಮೊದಲು ಒಂದೆರಡು ವಾರ ತಾತ್ಕಾಲಿಕವಾಗಿ ಬಿಟ್ಟು ನೋಡಲು ಅವಕಾಶ ಕೇಳಿ. ಜಾಗ ಬದಲಾದಾಗ ಗೊಂದಲ ಕೆಲವು ವಾರ ಹೆಚ್ಚುವುದು ಸಹಜ, ಅದನ್ನು ನೋಡಿ ಎದೆಗುಂದಬೇಡಿ. ಅವರನ್ನು ಮನೆಯಲ್ಲಿ ಏನೆಂದು ಕರೆಯುತ್ತೀರಿ, ಬೆಳಗಿನ ಕಾಫಿ ಎಷ್ಟು ಗಂಟೆಗೆ, ಸ್ನಾನಕ್ಕೆ ಹೇಗೆ ಒಪ್ಪಿಸುತ್ತೀರಿ, ಹಸುಗಳ ಹೆಸರೇನು ಎಂಬುದನ್ನೆಲ್ಲ ಒಂದು ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅವರ ಮಂಚದ ಬಳಿ ಅಂಟಿಸಿ.

ಪ್ರಶ್ನೆ: ನಮ್ಮ ತಂದೆ ಐದು ತಿಂಗಳಿಂದ ಒಂದು ಆರೈಕೆ ಕೇಂದ್ರದಲ್ಲಿದ್ದಾರೆ. ಮೊದಲು ಜಗಳವಾಡುತ್ತಿದ್ದವರು ಈಗ ಹೋದಾಗಲೆಲ್ಲ ಮಲಗಿರುತ್ತಾರೆ, ಬಡವಾಗಿದ್ದಾರೆ. ಸಿಬ್ಬಂದಿ ‘ಈಗ ತುಂಬಾ ಶಾಂತವಾಗಿದ್ದಾರೆ’ ಎನ್ನುತ್ತಾರೆ. ಕಾಯಿಲೆ ಮುಂದುವರಿದದ್ದೋ, ಆರೈಕೆಯ ಲೋಪವೋ ಹೇಗೆ ತಿಳಿಯುವುದು?
(ಓದುಗರು, ಕೊಪ್ಪ, ಚಿಕ್ಕಮಗಳೂರು ಜಿಲ್ಲೆ)

ಉತ್ತರ: ಅಲ್ಝೈಮರ್ ನಿಧಾನವಾಗಿ ಇಳಿಸುವ ಕಾಯಿಲೆ. ಕೆಲವೇ ದಿನ ಅಥವಾ ವಾರಗಳಲ್ಲಿ ಮಂಕಾದರೆ ಬೇರೆ ಕಾರಣವನ್ನು ಮೊದಲು ಹುಡುಕಬೇಕು: ಮೂತ್ರದ ಸೋಂಕು, ನೀರು ಸಾಲದಿರುವುದು, ಮಲಬದ್ಧತೆ, ಹೇಳಿಕೊಳ್ಳಲಾಗದ ನೋವು, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಕಟ್ಟಿರುವುದು, ಇಲ್ಲವೇ ಹೊಸದಾಗಿ ಶುರುಮಾಡಿದ ಮಾತ್ರೆ. ಔಷಧದ ಪಟ್ಟಿಯನ್ನೂ ತೂಕದ ದಾಖಲೆಯನ್ನೂ ಕೇಳಿ ಫೋಟೊ ತೆಗೆದುಕೊಳ್ಳಿ. ಕೊಡಲು ಹಿಂಜರಿದರೆ ಅದನ್ನೂ ದಿನಾಂಕದೊಂದಿಗೆ ಬರೆದಿಡಿ. ನೀವೇ ಒಮ್ಮೆ ಸ್ನಾನ ಮಾಡಿಸುತ್ತೇನೆಂದು ಹೇಳಿ ಹಿಮ್ಮಡಿ, ಸೊಂಟದ ಕೆಳಭಾಗ, ತೋಳಿನ ಒಳಮೈಯನ್ನು ನೋಡಿ. ಹಿಮ್ಮಡಿಯಲ್ಲೋ ಬೆನ್ನಿನ ತುದಿಯಲ್ಲೋ ಒತ್ತಿದರೂ ಮಾಸದ ಕೆಂಪು ಕಂಡರೆ ಮಗ್ಗುಲು ಬದಲಾಯಿಸುತ್ತಿಲ್ಲ ಎಂದರ್ಥ; ಮಣಿಕಟ್ಟಿನ ಸುತ್ತ ಗೀರು ಇದ್ದರೆ ವಿವರಣೆ ಕೇಳಲೇಬೇಕು.

ಆಮೇಲೆ ಅವರನ್ನು ಹೊರಗಿನ ವೈದ್ಯರೊಬ್ಬರಿಗೆ ತೋರಿಸಿ, ಔಷಧದ ಪಟ್ಟಿಯನ್ನು ಜೊತೆಗೆ ಒಯ್ಯಿರಿ. ಮಾತ್ರೆಯನ್ನು ನೀವಾಗಿಯೇ ಏಕಾಏಕಿ ನಿಲ್ಲಿಸಬೇಡಿ. ಲೋಪ ಇದೆಯೆಂದು ಖಚಿತವಾದರೆ ಕೇಂದ್ರದವರಿಗೆ ಬರವಣಿಗೆಯಲ್ಲಿ ದೂರು ಕೊಡಿ, ಪ್ರತಿಯನ್ನು ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಕಳಿಸಿ. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು. ಗಾಯ, ಹಲ್ಲೆಯ ಗುರುತು ಇದ್ದರೆ ಪೊಲೀಸ್ ಠಾಣೆಗೇ ಹೋಗಿ. ಜಾಗ ಬದಲಿಸಲು ತೀರ್ಮಾನಿಸಿದರೆ ಹೊಸ ಕಡೆ ಹಾಸಿಗೆ ಗೊತ್ತುಮಾಡಿಕೊಂಡು, ಹಳೆಯ ಕಡೆಯಿಂದ ವೈದ್ಯಕೀಯ ದಾಖಲೆಗಳ ಪ್ರತಿ ಕೈಗೆ ಬಂದ ಮೇಲೆ ಮಾತ್ರ ಠೇವಣಿಯ ಮಾತು ಎತ್ತಿ.