ಸಿಡಿ ಪ್ಲೇಯರಾ, ಕಂಪ್ಯೂಟರಾ? ಮೊದಲು ಡಿಸ್ಕ್ ಉಳಿಸಿಕೊಳ್ಳಿ

ಪ್ರಶ್ನೆ: ನಮ್ಮ ತಂದೆಯವರಿಗೆ ಸಂಗೀತದ ಹುಚ್ಚು. ಅವರು ಕೂಡಿಟ್ಟ ಸುಮಾರು 300 ಸಿಡಿಗಳು ಮನೆಯಲ್ಲಿವೆ. ಕರ್ನಾಟಕ ಸಂಗೀತ ಜಾಸ್ತಿ. ಜೊತೆಗೆ ಮಲ್ಲಿಕಾರ್ಜುನ ಮನಸೂರ್, ಭೀಮಸೇನ ಜೋಶಿ, ಒಂದಷ್ಟು ಭಾವಗೀತೆ. ಆಂಪ್ಲಿಫೈಯರ್, ಸ್ಪೀಕರ್ ಚೆನ್ನಾಗಿಯೇ ಇವೆ. ಹದಿನೈದು ವರ್ಷದ ಸಿಡಿ ಪ್ಲೇಯರ್ ಮಾತ್ರ ಈಗೀಗ ಡಿಸ್ಕ್ ಹಾಕಿದರೆ ‘ನೋ ಡಿಸ್ಕ್’ ಅನ್ನುತ್ತದೆ. ನನ್ನ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ನಿಂದ ಆಂಪ್ಲಿಫೈಯರ್‌ಗೆ ವೈರ್ ಹಾಕಿ ಕೇಳಿಸಿದೆ. ‘ಇದರಲ್ಲಿ ಜೀವವೇ ಇಲ್ಲ’ ಅಂದುಬಿಟ್ಟರು. 25,000 ರೂಪಾಯಿವರೆಗೆ ಖರ್ಚು ಮಾಡಬಹುದು. ಹೊಸ ಸಿಡಿ ಪ್ಲೇಯರ್ ತರಲೇ, ಕಂಪ್ಯೂಟರ್ ದಾರಿ ಹಿಡಿಯಲೇ? ಸಾಮಾನೆಲ್ಲ ಹಾಲ್‌ನ ಶೋಕೇಸ್‌ನಲ್ಲಿದೆ.
– ಓದುಗರು, ಮೈಸೂರು

ಉತ್ತರ: ಹೊಸ ಸಿಡಿ ಪ್ಲೇಯರ್ ಸದ್ಯಕ್ಕೆ ಬೇಡ. ಹಳೆಯದು ರಿಪೇರಿ ಆಗುತ್ತದಾ ನೋಡಿ. ಕಂಪ್ಯೂಟರನ್ನು ಮೊದಲು ಆ 300 ಸಿಡಿಗಳ ಕಾಪಿ ಮಾಡಿಟ್ಟುಕೊಳ್ಳಲು ಬಳಸಿ. ಅದರಿಂದ ಹಾಡು ಕೇಳುವುದು ಆಮೇಲಿನ ಮಾತು.

ನಿಮ್ಮ ತಂದೆಯವರ ಕಿವಿ ಸರಿಯಾಗಿಯೇ ಇದೆ. ಅವರಿಗೆ ಕೇಳಿಸಿದ ವ್ಯತ್ಯಾಸ ನಿಜವಾದದ್ದು. ಆದರೆ ಅದರ ಕಾರಣ ಬಹುಮಟ್ಟಿಗೆ ತೀರಾ ಸರಳ. ಸಿಡಿ ಪ್ಲೇಯರ್‌ನ ಹಿಂದಿರುವ ಆರ್‌ಸಿಎ (ಕೆಂಪು-ಬಿಳಿ ವೈರ್ ಸಿಕ್ಕಿಸುವ) ಔಟ್‌ಪುಟ್‌ನಲ್ಲಿ ಹೆಚ್ಚೆಂದರೆ 2 ವೋಲ್ಟ್‌ವರೆಗೆ ಸಿಗ್ನಲ್ ಬರುತ್ತದೆ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ನಿಂದ ಬರುವುದು ಸಾಮಾನ್ಯವಾಗಿ 1 ವೋಲ್ಟ್, ಕೆಲವದರಲ್ಲಿ ಇನ್ನೂ ಕಮ್ಮಿ. ವೋಲ್ಟೇಜ್ ಅರ್ಧವಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಸದ್ದು ಇಳಿದಾಗ ಎಲ್ಲ ಸ್ವರಗಳೂ ಒಂದೇ ಸಮ ಇಳಿದಂತೆ ನಮಗೆ ಕೇಳುವುದಿಲ್ಲ. ಕೆಳಗಿನ ಸ್ವರಗಳು ಹೆಚ್ಚು ಸೊರಗುತ್ತವೆ. ಮೃದಂಗದ ಗುಮ್ಕಿ ಸಪ್ಪೆಯಾಗುತ್ತದೆ, ತಂಬೂರದ ಮಂದ್ರ ಷಡ್ಜ ಹಿಂದೆ ಸರಿಯುತ್ತದೆ. ಜೀವ ಇಲ್ಲ ಅನ್ನಿಸುವುದು ಸಹಜ.

ಇದಲ್ಲದೆ ವಿಂಡೋಸ್ ತಾನಾಗಿ ಕೆಲವು ಕೆಲಸ ಮಾಡುತ್ತದೆ. ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಅಳತೆಯ ಅಂಕಿಗಳು, ಇರುತ್ತವೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸೆಟ್ಟಿಂಗ್ 48,000 ಇರುತ್ತದೆ. ಹಾಗಾಗಿ ಅದು ಎಲ್ಲವನ್ನೂ ಆ ಲೆಕ್ಕಕ್ಕೆ ಬದಲಿಸಿಯೇ ಹೊರಗೆ ಬಿಡುತ್ತದೆ. ಅದರಿಂದ ದೊಡ್ಡ ನಷ್ಟವೇನಿಲ್ಲ. ‘ಆಡಿಯೊ ಎನ್‌ಹಾನ್ಸ್‌ಮೆಂಟ್ಸ್’ ಅಂತ ಒಂದಿದೆ ನೋಡಿ, ಅದು ನಿಜವಾಗಿ ತೊಂದರೆ ಕೊಡುವಂಥದ್ದು. ಲ್ಯಾಪ್‌ಟಾಪ್‌ನ ಪುಟ್ಟ ಸ್ಪೀಕರ್‌ಗೆ ಅಂತ ಮಾಡಿದ ಅಲಂಕಾರ ಅದು. ನಿಮ್ಮ ದೊಡ್ಡ ಸ್ಪೀಕರ್‌ಗೆ ಬೇಡವೇ ಬೇಡ. ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿ.

ಅಂದು ಕೇಳಿಸಿದ್ದು ಯಾವ ಫೈಲ್ ಅಂತ ನೀವು ಬರೆದಿಲ್ಲ. ಎಲ್ಲೋ ಸಿಕ್ಕ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಆಗಿದ್ದರೆ ಹೋಲಿಕೆಯೇ ನ್ಯಾಯವಲ್ಲ. ಸಿಡಿಯಲ್ಲಿರುವುದು ಸೆಕೆಂಡಿಗೆ 1,411 ಕಿಲೋಬಿಟ್. ಅವರ ಇಷ್ಟದ ಒಂದು ಸಿಡಿಯನ್ನೇ ಕಾಪಿ ಮಾಡಿ. ಪ್ಲೇಯರ್ ಸರಿಯಾಗಿ ಓದುವ ಡಿಸ್ಕ್ ಆಗಿರಲಿ. ಎರಡನ್ನೂ ಒಂದೇ ಜಾಗದಿಂದ ಶುರು ಮಾಡಿ. ಲ್ಯಾಪ್‌ಟಾಪ್ ಸರದಿ ಬಂದಾಗ ಆಂಪ್ಲಿಫೈಯರ್ ವಾಲ್ಯೂಮ್ ಏರಿಸಿ ಸದ್ದು ಸಮ ಮಾಡಿ. ಯಾವುದು ಓಡುತ್ತಿದೆ ಅಂತ ಅವರಿಗೆ ಹೇಳಬೇಡಿ. ವ್ಯತ್ಯಾಸ ಎಷ್ಟು ಕರಗುತ್ತದೆ ಅಂತ ನೀವೇ ನೋಡುತ್ತೀರಿ.

1982ರಲ್ಲಿ ಜಪಾನಿನಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗಿಂದ ಅದರೊಳಗಿನ ಲೆಕ್ಕ ಬದಲಾಗಿಲ್ಲ. ಪ್ಲೇಯರ್ ಓದಿದರೂ ಅವೇ ಅಂಕಿ, ಕಂಪ್ಯೂಟರ್ ಓದಿದರೂ ಅವೇ ಅಂಕಿ. ಸದ್ದು ಸಮ ಮಾಡಿ, ಆ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿದ ಮೇಲೆ ವ್ಯತ್ಯಾಸ ಹುಟ್ಟುವ ಜಾಗ ಎರಡೇ. ಅಂಕಿಗಳನ್ನು ಓದುವಾಗ ತಪ್ಪಾಗಬಹುದು. ಅಥವಾ ಅಂಕಿಯನ್ನು ವಿದ್ಯುತ್ ಸಿಗ್ನಲ್ ಮಾಡುವ ಡ್ಯಾಕ್‌ನಲ್ಲಿ ಕೊರತೆ ಇರಬಹುದು. ಯುಎಸ್‌ಬಿಯಿಂದ ಕಂಪ್ಯೂಟರ್‌ಗೆ ಜೋಡಿಸುವ ಪುಟ್ಟ ಪೆಟ್ಟಿಗೆಯಾಗಿ ಡ್ಯಾಕ್ ಈಗ ಅಗ್ಗಕ್ಕೆ ಸಿಗುತ್ತದೆ. ಐದರಿಂದ ಹತ್ತು ಸಾವಿರಕ್ಕೆ ಸಿಗುವ ಒಳ್ಳೆಯ ಡ್ಯಾಕ್‌ನ ಕೊರತೆ ಮನೆಯ ಹಾಲ್‌ನಲ್ಲಿ ಕೂತು ಕೇಳುವವರ ಕಿವಿಗೆ ಗೊತ್ತಾಗುವುದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಅದರಿಂದಲೂ 2 ವೋಲ್ಟ್ ಬರುತ್ತದೆ. ಇನ್ನೂ ಜಾಸ್ತಿ ಕೊಟ್ಟು ಕೊಳ್ಳಬೇಡಿ.

ಓದುವ ವಿಷಯ ಮಾತ್ರ ಗಂಭೀರ. ಡಿಸ್ಕ್ ಮೇಲೆ ಗೀರು ಬಿದ್ದಾಗ ಪ್ಲೇಯರ್ ಒಂದು ಮಟ್ಟದವರೆಗೆ ಕಳೆದುಹೋದ ಅಂಕಿಯನ್ನು ಲೆಕ್ಕ ಹಾಕಿ ಪೂರ್ತಿ ಸರಿಪಡಿಸುತ್ತದೆ. ಟ್ರ್ಯಾಕ್‌ನ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಹಾಳಾದರೂ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಅಕ್ಕಪಕ್ಕದ ಅಂಕಿ ನೋಡಿ ಅಂದಾಜಿನಲ್ಲಿ ತುಂಬುತ್ತದೆ. ಹಾಡು ಓಡುತ್ತಲೇ ಇರುವುದರಿಂದ ಅದಕ್ಕೆ ಬೇರೆ ದಾರಿ ಇಲ್ಲ. ಕಂಪ್ಯೂಟರ್‌ಗೆ ಅವಸರ ಇಲ್ಲ. ಸಂಶಯ ಬಂದ ಜಾಗವನ್ನು ಮತ್ತೆ ಮತ್ತೆ ಓದುತ್ತದೆ. ಅಲ್ಲಿ ತಪ್ಪಾಗಿದ್ದರೆ ನಿಮಗೆ ತಿಳಿಸುತ್ತದೆ. ಕಂಪ್ಯೂಟರ್‌ನ ನಿಜವಾದ ಲಾಭ ಇದು.

ಯುಎಸ್‌ಬಿಗೆ ಹಾಕುವ ಡಿವಿಡಿ ಡ್ರೈವ್ ಎರಡು ಮೂರು ಸಾವಿರಕ್ಕೆ ಸಿಗುತ್ತದೆ. ವಿಂಡೋಸ್‌ಗೆ ‘ಎಕ್ಸಾಕ್ಟ್ ಆಡಿಯೊ ಕಾಪಿ’ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ನೀವು ಮಾಡಿದ ಕಾಪಿಯನ್ನು ಅದು ‘ಆಕ್ಯುರೇಟ್‌ರಿಪ್’ ಎಂಬ ಪಟ್ಟಿಯೊಡನೆ ತಾಳೆ ನೋಡುತ್ತದೆ. ಅದೇ ಸಿಡಿಯನ್ನು ಬೇರೆಯವರೂ ಕಾಪಿ ಮಾಡಿದ್ದು, ಅವರದ್ದೂ ನಿಮ್ಮದೂ ಹೊಂದಿದರೆ ಚಿಂತೆ ಇಲ್ಲ. ನಮ್ಮ ಕಡೆಯ ಸಣ್ಣ ಕಂಪನಿಗಳ ಸಿಡಿ ಎಷ್ಟೋ ಸಲ ಆ ಪಟ್ಟಿಯಲ್ಲಿ ಇರುವುದಿಲ್ಲ. ಆಗ ‘ಟೆಸ್ಟ್ ಅಂಡ್ ಕಾಪಿ’ ಒತ್ತಿ. ಎರಡು ಸಲ ಓದುತ್ತದೆ. ಓದಿದ್ದನ್ನು ತಾಳೆ ನೋಡಲು ಪ್ರತಿ ಸಲ ಒಂದು ಸಂಖ್ಯೆ ತೋರಿಸುತ್ತದೆ. ಎರಡೂ ಸಲ ಒಂದೇ ಸಂಖ್ಯೆ ಬಂದರೆ ಸರಿಯಾಗಿದೆ ಅಂತ ಬಹುತೇಕ ನಂಬಬಹುದು.

ಫೈಲ್ ‘ಫ್ಲಾಕ್’ ಎಂಬ ಬಗೆಯಲ್ಲೇ ಇರಲಿ. ಒಂದು ಅಂಕಿಯೂ ಕಳೆಯದೆ ಜಾಗ ಮಾತ್ರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ನಿಮ್ಮ 300 ಸಿಡಿಗೆ 120 ಜಿಬಿ ಹತ್ತಿರ ಬೇಕಾಗಬಹುದು. ಎರಡು ಹಾರ್ಡ್ ಡಿಸ್ಕ್ ತನ್ನಿ. ಎರಡರಲ್ಲೂ ಅದೇ ಕಾಪಿ ಇರಲಿ. ಒಂದು ಬೇರೆ ಮನೆಯಲ್ಲಿ, ಅಕ್ಕನದ್ದೋ ತಮ್ಮನದ್ದೋ, ಇದ್ದರೆ ಇನ್ನೂ ಒಳ್ಳೆಯದು.

ಹೆಸರು ಹಾಕುವಲ್ಲಿ ತಾಳ್ಮೆ ಬೇಕು. ಇಂಟರ್ನೆಟ್‌ನಿಂದ ತಾನಾಗಿ ಬರುವ ಹೆಸರುಗಳು ಸಿನಿಮಾ ಹಾಡಿಗೆ ಹೇಗೋ ಸರಿ. ಕಚೇರಿ ಸಂಗೀತಕ್ಕೆ ಬಂದರೆ ಗೊಂದಲ. ಕಲಾವಿದರ ಜಾಗದಲ್ಲಿ ತ್ಯಾಗರಾಜರು ಕೂತಿರುತ್ತಾರೆ, ಹಾಡಿದವರ ಹೆಸರೇ ಇರುವುದಿಲ್ಲ. ತೋಡಿ ರಾಗವನ್ನು ಇಂಗ್ಲಿಷ್‌ನಲ್ಲಿ ಒಬ್ಬರು ‘ಟಿ’ ಮಾತ್ರ ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ‘ಟಿ, ಎಚ್’ ಎರಡನ್ನೂ ಹಾಕಿರುತ್ತಾರೆ. ಹುಡುಕಿದರೆ ಅರ್ಧ ಸಿಗುವುದೇ ಇಲ್ಲ. ನಿಮ್ಮಲ್ಲಿ ಹಿಂದೂಸ್ತಾನಿಯೂ ಇದೆ ಅಲ್ವಾ? ಅವರ ತೋಡಿ ಬೇರೆ, ನಮ್ಮ ಶುಭಪಂತುವರಾಳಿಗೆ ಹತ್ತಿರದ್ದು. ಹಾಗಾಗಿ ಎರಡಕ್ಕೂ ಗುರುತು ಬೇರೆ ಇರಲಿ. ಹಾಡು ಕೇಳಿಸುವ ಸಾಫ್ಟ್‌ವೇರ್ ಫೂಬಾರ್ 2000 ಅಥವಾ ಹೆಸರು ಹಾಕುವ ಸಾಫ್ಟ್‌ವೇರ್ ಎಂಪಿ3ಟ್ಯಾಗ್‌ನಲ್ಲಿ ರಾಗ, ತಾಳಕ್ಕೆ ಬೇರೆ ಬೇರೆ ಖಾನೆ ಮಾಡಿಕೊಳ್ಳಿ. ಕನ್ನಡದಲ್ಲೇ ಬರೆಯಬಹುದು. ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನಕ್ಕೆ ನಾಲ್ಕೈದು ಸಿಡಿಯಂತೆ ಮಾಡಿ. ಪಕ್ಕವಾದ್ಯ ಯಾರದ್ದು, ಯಾವ ಕಚೇರಿ ಅನ್ನುವುದು ಎಷ್ಟೋ ಕವರ್‌ಗಳಲ್ಲಿ ಇರುವುದಿಲ್ಲ. ಅದು ಅವರಿಗೆ ಗೊತ್ತಿರುತ್ತದೆ. ಸಿಡಿ ಜೊತೆ ಬಂದ ಪುಟ್ಟ ಪುಸ್ತಕವನ್ನೂ ಫೋಟೊ ತೆಗೆದು ಅದೇ ಫೋಲ್ಡರ್‌ನಲ್ಲಿ ಇಡಿ.

ಇನ್ನೊಂದು ಸೆಟ್ಟಿಂಗ್ ಮರೆಯಬೇಡಿ. ಹಿಂದೂಸ್ತಾನಿ ಖಯಾಲ್ ಸಿಡಿಗಳಲ್ಲಿ ನಿಧಾನಗತಿಯ ವಿಲಂಬಿತ್ ಒಂದು ಟ್ರ್ಯಾಕ್, ವೇಗದ ದ್ರುತ್ ಇನ್ನೊಂದು ಟ್ರ್ಯಾಕ್ ಆಗಿರುವುದುಂಟು. ತಂಬೂರ ನಡುವೆ ನಿಲ್ಲುವುದಿಲ್ಲ, ಒಂದೇ ಉಸಿರಿನಲ್ಲಿ ಹರಿಯುತ್ತದೆ. ಸಿಡಿ ಪ್ಲೇಯರ್‌ನಲ್ಲಿ ಈ ಗಡಿ ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್‌ನ ಕೆಲವು ಪ್ಲೇಯರ್ ಸಾಫ್ಟ್‌ವೇರ್‌ಗಳು ಅಲ್ಲಿ ಕಾಲು ಸೆಕೆಂಡ್ ನಿಂತು ಮುಂದೆ ಹೋಗುತ್ತವೆ. ತಂಬೂರ ಕತ್ತರಿಸಿದಂತೆ ಆಗುತ್ತದೆ. ಆ ಕ್ಷಣಕ್ಕೇ ನಿಮ್ಮ ತಂದೆಯವರು ‘ಸಾಕು, ಆರಿಸು’ ಅನ್ನುತ್ತಾರೆ, ಅನ್ನಬೇಕು ಕೂಡ. ಗ್ಯಾಪ್‌ಲೆಸ್ ಆಗಿ, ಅಂದರೆ ನಡುವೆ ನಿಲ್ಲದೆ, ಹಾಡುವ ಸಾಫ್ಟ್‌ವೇರ್‌ನ್ನೇ ಬಳಸಿ. ಫೂಬಾರ್ 2000ರಲ್ಲಿ ಈ ತೊಂದರೆ ಇಲ್ಲ.

ಈಗ ಹಳೆಯ ಪ್ಲೇಯರ್ ವಿಷಯ. ‘ನೋ ಡಿಸ್ಕ್’ ಅಂದಾಕ್ಷಣ ಅದು ಸತ್ತಿತು ಅಂತಲ್ಲ. ಲೆನ್ಸ್ ಮೇಲೆ ಧೂಳು ಕೂತಿರಬಹುದು. ಲೆನ್ಸ್ ಸರಿಯುವ ಕಂಬಿಯ ಗ್ರೀಸ್ ಒಣಗಿ ಗಟ್ಟಿಯಾಗಿರಬಹುದು. ಡಿಸ್ಕ್ ತಿರುಗಿಸುವ ಮೋಟಾರ್ ಸೋತಿರಬಹುದು. ಕೊನೆಯದು, ಲೇಸರ್ರೇ ಮಂಕಾಗಿರಬಹುದು. ಅನುಭವ ಇರುವ ಮೆಕ್ಯಾನಿಕ್ ಒಬ್ಬರು ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿದ ಹತ್ತಿಕಡ್ಡಿಯಿಂದ ಲೆನ್ಸ್ ಒರೆಸಿ, ಗ್ರೀಸ್ ಬದಲಿಸಿ ನೋಡಲಿ. ಎಷ್ಟೋ ಪ್ಲೇಯರ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ಲೇಸರ್ ಹೋಗಿದ್ದರೆ ಲೆನ್ಸ್, ಲೇಸರ್ ಎರಡೂ ಇರುವ ಭಾಗವಾದ ಪಿಕಪ್ ಬದಲಿಸಬೇಕು. ಅದರ ಮೇಲಿನ ಮಾಡೆಲ್ ನಂಬರ್ ಬರೆದುಕೊಂಡು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ. ಮುಚ್ಚಳ ತೆಗೆದು ಓಡಿಸುವಾಗ ಲೆನ್ಸ್ ಒಳಗೆ ಇಣುಕಬೇಡಿ. 780 ನ್ಯಾನೊಮೀಟರ್‌ನ ಆ ಬೆಳಕು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಅಪಾಯ ಮಾತ್ರ ಇದೆ.

ರಿಪೇರಿಗೆ ನಾನು ಇಷ್ಟು ಒತ್ತು ಕೊಡುವುದು ಸದ್ದಿನ ಕಾರಣಕ್ಕಲ್ಲ, ತಂದೆಯವರಿಗಾಗಿ. ಇಷ್ಟು ವರ್ಷ ಅವರು ಕಪಾಟಿನಿಂದ ಡಿಸ್ಕ್ ಆರಿಸಿ, ಹಾಕಿ, ಕೂತು ಕೇಳಿದವರು. ಲ್ಯಾಪ್‌ಟಾಪ್ ತೆರೆದು, ಅಪ್‌ಡೇಟ್ ಮುಗಿಯುವವರೆಗೆ ಕಾದು, ಮೌಸ್ ಹಿಡಿದು ಹುಡುಕಿ ಅಂದರೆ ಅವರು ಕೇಳುವುದನ್ನೇ ಕಮ್ಮಿ ಮಾಡಿಬಿಡಬಹುದು. ಅದಕ್ಕಿಂತ ದೊಡ್ಡ ನಷ್ಟ ಇಲ್ಲ. ಅವರಿಗೆ ಪ್ಲೇಯರ್ ಇರಲಿ, ನಿಮಗೆ ಡ್ಯಾಕ್ ಇರಲಿ. ಆಂಪ್ಲಿಫೈಯರ್‌ನಲ್ಲಿ ಎರಡಕ್ಕೂ ಜಾಗ ಇರುತ್ತದೆ.

ಕಂಪ್ಯೂಟರ್ ಜೋಡಿಸಿದಾಗ ‘ಹುಂ’ ಅಂತ ಸದ್ದು ಬಂದರೆ ಹೆದರಬೇಡಿ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಸದ್ದು ನಿಂತರೆ ಅರ್ಥಿಂಗ್ ಎರಡು ದಾರಿಯಲ್ಲಿ ಸುತ್ತುತ್ತಿದೆ ಅಂತ ಅರ್ಥ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಹೋಗದಿದ್ದರೆ ಆಂಪ್ಲಿಫೈಯರ್‌ಗೆ ಹೋಗುವ ಆರ್‌ಸಿಎ ವೈರ್ ನಡುವೆ ಆ ಸುತ್ತನ್ನು ಕಡಿಯುವ ಪುಟ್ಟ ಸಾಧನ, ಗ್ರೌಂಡ್ ಲೂಪ್ ಐಸೊಲೇಟರ್, ಹಾಕಿ. ಪ್ಲಗ್‌ನ ಅರ್ಥ್ ಪಿನ್ ಕಿತ್ತು ಹಾಕಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದು ಪ್ರಾಣಕ್ಕೆ ಕುತ್ತು.

ಡ್ರೈವ್, ಡ್ಯಾಕ್, ರಿಪೇರಿ, ಹಾರ್ಡ್ ಡಿಸ್ಕ್ ಎಲ್ಲ ಸೇರಿ ನಿಮ್ಮ 25,000ದೊಳಗೆ ಬರುತ್ತದೆ. ಸ್ಪೀಕರ್ ಕೂಡ ಶೋಕೇಸ್ ಒಳಗಿದೆ ಅಂತ ಕಾಣುತ್ತದೆ. ಅದನ್ನು ಆಚೆ ತೆಗೆಯಿರಿ. ಸ್ಟ್ಯಾಂಡ್ ಮೇಲೆ, ಕಿವಿಯ ಎತ್ತರಕ್ಕೆ, ಗೋಡೆಯಿಂದ ಒಂದೆರಡು ಅಡಿ ಮುಂದೆ ಇಡಿ. ಮರದ ಗೂಡಿನೊಳಗೆ ಗುಂಯ್‌ಗುಡುತ್ತಿದ್ದ ದನಿ ಬಿಚ್ಚಿಕೊಳ್ಳುತ್ತದೆ. ಸಿಡಿಯೋ ಕಂಪ್ಯೂಟರೋ ಅನ್ನುವುದಕ್ಕಿಂತ ಇದರಿಂದ ಆಗುವ ವ್ಯತ್ಯಾಸ ಎಷ್ಟೋ ದೊಡ್ಡದು.

ಪ್ರಶ್ನೆ: ಕ್ಯಾಸೆಟ್‌ನಲ್ಲಿದ್ದ ತಾಳಮದ್ದಳೆಗಳನ್ನು ಹಿಂದೆ ಮನೆಯಲ್ಲೇ ಸಿಡಿಗೆ ಬರೆದಿಟ್ಟಿದ್ದೆವು. ಈಗ ಕೆಲವು ಓಡುತ್ತಿಲ್ಲ. ಕೊಂಡ ಸಿಡಿಗಳು ಮಾತ್ರ ಸರಿಯಾಗಿವೆ. ಏನು ಮಾಡಲಿ?
– ಓದುಗರು, ಉಡುಪಿ

ಉತ್ತರ: ಉಳಿದ ಕೆಲಸ ಬಿಟ್ಟು ಇವನ್ನು ಮೊದಲು ಕಾಪಿ ಮಾಡಿ. ಕೊಂಡ ಸಿಡಿಯಲ್ಲಿ ಅಂಕಿಗಳು ಅಚ್ಚೊತ್ತಿದ ಗುಳಿಗಳಾಗಿ ಇರುತ್ತವೆ. ಮನೆಯಲ್ಲಿ ಬರೆದ ಸಿಡಿ-ಆರ್‌ನಲ್ಲಿ ಇರುವುದು ಬಣ್ಣದ ಒಂದು ಪದರ. ಬಿಸಿಲು, ಸೆಕೆ, ತೇವಕ್ಕೆ ಅದು ಮಾಸುತ್ತದೆ. ಕರಾವಳಿಯಲ್ಲಿ ಇನ್ನೂ ಬೇಗ.

ಓಡದ ಡಿಸ್ಕನ್ನು ಎಸೆಯಬೇಡಿ. ಪ್ಲೇಯರ್ ಓದದ್ದನ್ನು ಕಂಪ್ಯೂಟರ್ ಡ್ರೈವ್ ಓದುವುದುಂಟು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುತ್ತದೆ. ಬೇರೆ ಬೇರೆ ಕಂಪನಿಯ ಎರಡು ಮೂರು ಡ್ರೈವ್‌ಗಳಲ್ಲಿ, ವೇಗ ಕಡಿಮೆ ಮಾಡಿ ಪ್ರಯತ್ನಿಸಿ. ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಗುಂಡಗೆ ಒರೆಸಿದರೆ ಗೀರು ಟ್ರ್ಯಾಕ್‌ನ ಉದ್ದಕ್ಕೇ ಬೀಳುತ್ತದೆ. ಅದನ್ನು ಸರಿಪಡಿಸುವುದು ಯಂತ್ರಕ್ಕೆ ಕಷ್ಟ. ಹೆಸರು ಬರೆದ ಮೇಲ್ಭಾಗವನ್ನು ಇನ್ನೂ ಜೋಪಾನ ಮಾಡಿ. ಕೆಳಗಡೆ 1.2 ಮಿಲಿಮೀಟರ್ ಪ್ಲಾಸ್ಟಿಕ್ ರಕ್ಷಣೆ ಇದೆ. ಮೇಲ್ಭಾಗದಲ್ಲಿ ತೆಳ್ಳನೆ ಮೆರುಗೆಣ್ಣೆಯಷ್ಟೇ, ಅದರ ಕೆಳಗೇ ಹಾಡು. ಅಂಟಿಸಿದ ಕಾಗದದ ಲೇಬಲ್ ಇದ್ದರೆ ಕೀಳಲು ಹೋಗಬೇಡಿ, ಪದರವೇ ಕಿತ್ತುಬರಬಹುದು.

ಮೂಲ ಕ್ಯಾಸೆಟ್‌ಗಳು ಅಟ್ಟದಲ್ಲಿ ಇನ್ನೂ ಇದ್ದರೆ ಇಳಿಸಿ ನೋಡಿ. ಹೆಚ್ಚಿನ ಸಲ ಅವೇ ಗಟ್ಟಿ.

ಪ್ರಶ್ನೆ: ಹಳೆಯ ಡಿವಿಡಿ ಪ್ಲೇಯರ್ ಮನೆಯಲ್ಲಿ ಸುಮ್ನೆ ಬಿದ್ದಿದೆ. ಅದರಲ್ಲೇ ಸಿಡಿ ಕೇಳಬಹುದಾ?
– ಓದುಗರು, ದಾವಣಗೆರೆ

ಉತ್ತರ: ಧಾರಾಳವಾಗಿ. ಹಿಂದುಗಡೆ ‘ಕೋಆಕ್ಸಿಯಲ್’ ಅಥವಾ ‘ಆಪ್ಟಿಕಲ್’ ಅಂತ ಬರೆದ ಔಟ್‌ಪುಟ್ ಇದೆಯಾ ನೋಡಿ. ಅಲ್ಲಿಂದ ಡ್ಯಾಕ್‌ಗೆ, ಡ್ಯಾಕ್‌ನಿಂದ ಆಂಪ್ಲಿಫೈಯರ್‌ಗೆ ಜೋಡಿಸಿದರೆ ಒಳ್ಳೆಯ ಸಿಡಿ ಪ್ಲೇಯರ್‌ಗೆ ಏನೂ ಕಮ್ಮಿ ಇಲ್ಲ. ಡ್ಯಾಕ್ ಕೊಳ್ಳುವಾಗ ಅದೇ ಬಗೆಯ ಇನ್‌ಪುಟ್ ಇದೆಯಾ ಅಂತ ಕೇಳಿ, ಬರೀ ಯುಎಸ್‌ಬಿ ಇರುವುದು ಇದಕ್ಕೆ ಆಗುವುದಿಲ್ಲ. ಒಂದೇ ಕಿರಿಕಿರಿ ಅಂದರೆ ಎಷ್ಟೋ ಡಿವಿಡಿ ಪ್ಲೇಯರ್‌ಗಳಲ್ಲಿ ಮುಂದೆ ಡಿಸ್‌ಪ್ಲೇ ಇರುವುದಿಲ್ಲ, ಯಾವ ಟ್ರ್ಯಾಕ್ ಅಂತ ನೋಡಲು ಟಿವಿ ಹಾಕಬೇಕು. ರಿಮೋಟ್ ಕಳೆದಿದ್ದರೆ ಮೊದಲು ಅದನ್ನು ಹುಡುಕಿ.