ಅಕ್ವೇರಿಯಂ ಸೋರುತ್ತಿದೆಯಾ? ಮೊದಲು ಅರ್ಧ ನೀರು ಇಳಿಸಿ

‘ನಾಲ್ಕು ಅಡಿ ಅಕ್ವೇರಿಯಂ ಕೆಳಮೂಲೆಯಲ್ಲಿ ಸೋರುತ್ತಿದೆ. ಹೊರಗಿನಿಂದ ಎಂ-ಸೀಲ್ ಮೆತ್ತಿದರೆ ನಿಲ್ಲುತ್ತದಾ? ಬಾಡಿಗೆ ಮನೆ, ಕೆಳಗೆ ಓನರ್ ಇದ್ದಾರೆ’ ಅಂತ ಕೇಳಿದ್ದೀರಿ.

ಮೆತ್ತಬೇಡಿ. ಮೊದಲು ಆ ಗೋಡೆಯ ಪ್ಲಗ್‌ಗಳಿಗೆ ಹೋಗುವ ಎಂಸಿಬಿ ಆಫ್ ಮಾಡಿ. ಆಮೇಲೆ ಪೈಪ್ ಇಳಿಬಿಟ್ಟು ಅರ್ಧ ನೀರು ತೆಗೆಯಿರಿ. ಡ್ರಮ್ಮು, ಬಕೆಟ್ಟು, ಮನೆಯಲ್ಲಿರುವ ಪ್ಲಾಸ್ಟಿಕ್ಕಿಗೆಲ್ಲ ತುಂಬಿಸಿ, ಮಿಕ್ಕದ್ದು ಬಚ್ಚಲಿಗೆ ಬಿಡಿ. ಅದಾದ ಮೇಲೆ ಬಂದು ಉಳಿದದ್ದು ಓದಿ.

ಅರ್ಧಕ್ಕೆ ಯಾಕೆ ಅಂದರೆ, ಗಾಜನ್ನು ಒತ್ತುವುದು ನೀರಿನ ಎತ್ತರ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಸುಮಾರು 240 ಲೀಟರ್ ಹಿಡಿಯುತ್ತದೆ. ತುಂಬಿದಾಗ ಮುಂದಿನ ಗಾಜೊಂದರ ಮೇಲೇ ಹತ್ತಿರಹತ್ತಿರ 120 ಕೆಜಿ ಭಾರದಷ್ಟು ಒತ್ತಡ ಬೀಳುತ್ತದೆ. ನೀರು ಅರ್ಧ ಇಳಿದರೆ ಅದು 60 ಆಗುವುದಿಲ್ಲ, 30 ಆಗುತ್ತದೆ. ಮುಕ್ಕಾಲು ಪಾಲು ಭಾರ ಹೋಯಿತಲ್ವಾ? ಸೋರುವುದು ಪೂರ್ತಿ ನಿಲ್ಲದೇ ಇರಬಹುದು. ಆದರೆ ಕೂತು ಯೋಚಿಸಲು ನಿಮಗೆ ಸಮಯ ಸಿಗುತ್ತದೆ. ಹೊರಗಿನಿಂದ ಏನೇ ಮೆತ್ತಿದರೂ ಒಳಗಿನ ನೀರು ಅದನ್ನು ಆಚೆಗೇ ತಳ್ಳುತ್ತಿರುತ್ತದೆ. ಸಾಲದ್ದಕ್ಕೆ ಒದ್ದೆ ಗಾಜಿಗೆ ಅಂಟು ಹಿಡಿಯುವುದೂ ಇಲ್ಲ.

ನನಗೆ ಇದು ಗೊತ್ತಾದದ್ದು 2023ರ ಜನವರಿಯಲ್ಲಿ, ರಾತ್ರಿ ಹನ್ನೊಂದೂವರೆಗೆ. ಮೈಸೂರಿನಲ್ಲಿ ನಮ್ಮದೂ ಬಾಡಿಗೆ ಮನೆ, ಎರಡನೇ ಮಹಡಿ. ನೀರು ಕುಡಿಯಲು ಎದ್ದವನ ಕಾಲು ಒದ್ದೆಯಾಯಿತು. ಫ್ರಿಜ್ ಇರಬೇಕು ಅಂತ ಬಟ್ಟೆ ಹಾಕಿ ಒರೆಸಿದೆ. ಹತ್ತು ನಿಮಿಷಕ್ಕೆ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ಅವರ ಫ್ಯಾನಿನ ಪಕ್ಕದಲ್ಲಿ ತಾರಸಿ ತೊಟ್ಟಿಕ್ಕುತ್ತಿತ್ತಂತೆ. ಅದಕ್ಕೆ ಹಿಂದಿನ ತಿಂಗಳು, ಡಿಸೆಂಬರ್ 16ರಂದು, ಬರ್ಲಿನ್ನಿನ ಹೋಟೆಲೊಂದರಲ್ಲಿ 10 ಲಕ್ಷ ಲೀಟರ್‌ನ ಅಕ್ವೇರಿಯಂ ಬೆಳಗಿನ ಜಾವ ಒಡೆದು ನೀರು ಬೀದಿಗೆ ಬಂದಿತ್ತು. ಆ ವಿಡಿಯೋ ನೋಡಿದ್ದ ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಸೀದಾ ಮೆಟ್ಟಿಲಿಗೆ ಹೋಗಿ ನಿಂತಳು. ನಗು ಬರುತ್ತದೆ ಈಗ. ಆಗ ಬರಲಿಲ್ಲ.

ತಪ್ಪು ನನ್ನದೇ. ಸ್ಟ್ಯಾಂಡಿನ ಒಂದು ಕಾಲು ಸ್ವಲ್ಪ ಮೇಲಿತ್ತು. ಅದರ ಕೆಳಗೆ ರಟ್ಟು ಮಡಚಿ ಇಟ್ಟಿದ್ದೆ. ದಿನಾ ನೆಲ ಒರೆಸಿ ಒರೆಸಿ ರಟ್ಟು ನೆನೆದು ಕುಸಿದಿತ್ತು. ಟ್ಯಾಂಕ್ ಕೂದಲೆಳೆಯಷ್ಟು ತಿರುಚಿಕೊಂಡು, ಮೂಲೆಯ ಸಿಲಿಕೋನ್ ಬಾಯಿ ಬಿಟ್ಟಿತ್ತು. ನೀವೂ ಮೊದಲು ಸ್ಟ್ಯಾಂಡ್ ನೋಡಿ, ಗಾರೆಯವರ ರಸಮಟ್ಟ ಇಟ್ಟು. ಟ್ಯಾಂಕಿನ ಕೆಳಗೆ ಥರ್ಮಾಕೋಲ್ ಹಾಳೆ ಇದೆಯಾ ಅಂತಲೂ ನೋಡಿ.

ಇನ್ನು ಮೀನು. ಹೀಟರ್ ಇದ್ದರೆ ಆಫ್ ಮಾಡಿ ಹದಿನೈದು ನಿಮಿಷ ನೀರಿನಲ್ಲೇ ಆರಲು ಬಿಡಿ. ಬಿಸಿ ಇರುವಾಗ ಎತ್ತಿದರೆ ಅದರ ಗಾಜೂ ಬಿರಿಯುತ್ತದೆ. ನನ್ನಲ್ಲಿದ್ದದ್ದು ಎರಡು ದೊಡ್ಡ ಆಸ್ಕರ್. ಪಾತ್ರೆ ಹುಡುಕುವಾಗ ಅಮ್ಮ ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿಸು ಅಂದರು. ಬೇಡ ಅಂದೆ, ಜಗಳವೇ ಆಯಿತು. ತಾಮ್ರ ನೀರಿಗೆ ಬಿಟ್ಟರೆ ಮೀನಿಗೆ ವಿಷ. ಕೊನೆಗೆ ನೀರು ಹಿಡಿದಿಡುವ ನೀಲಿ ಡ್ರಮ್ ಖಾಲಿ ಮಾಡಿ, ಟ್ಯಾಂಕಿನ ಹಳೇ ನೀರನ್ನೇ ತುಂಬಿಸಿ ಅವನ್ನು ಬಿಟ್ಟೆವು. ಆಸ್ಕರ್ ಹಾರುತ್ತವೆ. ಮೇಲೆ ಜಾಲರಿ ಮುಚ್ಚಿ, ಅದರ ಮೇಲೆ ಅಮ್ಮನ ರುಬ್ಬುಗುಂಡು ಇಟ್ಟೆ.

ಎಲ್ಲರೂ ಮರೆಯುವುದು ಫಿಲ್ಟರ್ ಸ್ಪಂಜನ್ನು. ಗಲೀಜಾಗಿದೆ ಅಂತ ನಲ್ಲಿ ಕೆಳಗೆ ತೊಳೆದುಬಿಟ್ಟೀರಿ, ಜೋಕೆ. ಮೀನಿನ ಕಸದಿಂದ ಹುಟ್ಟುವ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಜಾಸ್ತಿ ಇರುವುದು ಅಲ್ಲೇ. ನಲ್ಲಿನೀರಿನ ಕ್ಲೋರಿನ್ ಅದನ್ನು ಕೊಲ್ಲುತ್ತದೆ. ಸ್ಪಂಜನ್ನು ಹಾಗೇ ಮೀನಿನ ಜೊತೆ ಡ್ರಮ್ಮಿಗೆ ಹಾಕಿ, ಏರ್ ಪಂಪ್ ಓಡಿಸಿ. ಒಂದೆರಡು ದಿನ ಊಟ ಕೊಡಬೇಡಿ, ಏನೂ ಆಗುವುದಿಲ್ಲ. ನಮ್ಮವು ಡ್ರಮ್ಮಿನಲ್ಲಿ ಒಂಬತ್ತು ದಿನ ಇದ್ದವು. ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಿಸುತ್ತಿದ್ದೆ. ಹೊಸ ನೀರಿಗೆ ಆಂಟಿ-ಕ್ಲೋರಿನ್ ಹಾಕುವುದು ಮಾತ್ರ ತಪ್ಪಿಸಬೇಡಿ.

ಟ್ಯಾಂಕ್ ಖಾಲಿಯಾದ ಮೇಲೆ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಗಾಜಿನಲ್ಲೇ ಬಿರುಕು ಇದ್ದರೆ, ಉಗುರಿಗೆ ತಗಲುವಷ್ಟು ಸಣ್ಣದಾದರೂ, ಸಿಲಿಕೋನ್ ಬಳಿದು ಮತ್ತೆ ನೀರು ತುಂಬುವ ಧೈರ್ಯ ನನಗಂತೂ ಇಲ್ಲ. ಬಿರುಕು ಬೆಳೆಯುತ್ತದೆ, ಯಾವಾಗ ಅಂತ ಹೇಳಿ ಬೆಳೆಯುವುದಿಲ್ಲ. ಆ ಗಾಜನ್ನೇ ಬದಲಿಸಬೇಕು.

ಅಂಟು ಮಾತ್ರ ಬಿಟ್ಟಿದ್ದರೆ ಮನೆಯಲ್ಲೇ ಮಾಡಬಹುದು. ಸೋರಿದ ಜಾಗಕ್ಕಷ್ಟೇ ತೇಪೆ ಹಾಕುವ ಆಸೆ ಆಗುತ್ತದೆ. ಹೊಸ ಸಿಲಿಕೋನ್ ಹಳೇ ಸಿಲಿಕೋನ್‌ಗೆ ಸರಿಯಾಗಿ ಹಿಡಿಯುವುದಿಲ್ಲ. ಒಳಮೂಲೆಯ ಪಟ್ಟಿಯನ್ನೆಲ್ಲ ಬ್ಲೇಡಿನಿಂದ ಕೆರೆದು ತೆಗೆಯಬೇಕು. ನನಗೆ ಒಂದು ಇಡೀ ಭಾನುವಾರ ಹಿಡಿಯಿತು, ಎರಡು ಬೆರಳೂ ಕುಯ್ದುಕೊಂಡೆ. ಎರಡು ಗಾಜುಗಳನ್ನು ಸೇರಿಸಿರುವ ನಡುವಿನ ತೆಳು ಪದರಕ್ಕೆ ಬ್ಲೇಡ್ ತಾಗಿಸಬೇಡಿ. ಅದರಲ್ಲೇ ಗುಳ್ಳೆ, ಬಿಳಿ ಬಿರಿತ ಕಂಡರೆ ಕೆಲಸ ನಿಲ್ಲಿಸಿ, ಟ್ಯಾಂಕ್ ಮಾಡುವವರಿಗೆ ಒಪ್ಪಿಸಿ. ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬೇಕಾಗುತ್ತದೆ.

ಕೆರೆದ ಜಾಗವನ್ನು ಅಸಿಟೋನ್‌ನಿಂದ ಒರೆಸಿ ಒಣಗಿಸಿ. ಟ್ಯೂಬಿನ ಮೇಲೆ ‘ಅಕ್ವೇರಿಯಂ’ ಅಂತ ಬರೆದಿರುವ ಸಿಲಿಕೋನ್ ತನ್ನಿ. ಬಾತ್‌ರೂಮಿನದ್ದು ಬೇಡ, ಅದರಲ್ಲಿ ಬೂಸ್ಟು ತಡೆಯುವ ಔಷಧಿ ಇರುತ್ತದೆ. ಮೂಲೆಗಳನ್ನೆಲ್ಲ ಒಂದೇ ಸಲಕ್ಕೆ ಹಚ್ಚಿ ಬೆರಳಿನಿಂದ ಎಳೆಯಿರಿ. ಮನೆಯೆಲ್ಲ ವಿನಿಗರ್ ವಾಸನೆ ಹೊಡೆಯುತ್ತದೆ. ಕನಿಷ್ಠ ಮೂರು ದಿನ ಒಣಗಲಿ. ನಾನು ಒಂದು ವಾರ ಬಿಟ್ಟೆ.

ತುಂಬುವಾಗಲೂ ಒಮ್ಮೆಲೇ ಬೇಡ. ಕೆಳಗೆ ಸುತ್ತ ಪೇಪರ್ ಹಾಸಿ, ಮೊದಲು ಕಾಲುಭಾಗ, ಮಾರನೇ ದಿನ ಅರ್ಧ, ಆಮೇಲೆ ಪೂರ್ತಿ. ಪೇಪರ್ ಒಣಗಿಯೇ ಇದ್ದರೆ ಮೀನು ಬಿಡಿ.

ಅಷ್ಟರಲ್ಲಿ ನೀವೇ ಕೆಳಗೆ ಹೋಗಿ ಓನರ್‌ಗೆ ಒಂದು ಮಾತು ಹೇಳಿಬಿಡಿ, ಅವರೇ ಹತ್ತಿ ಬರುವ ಮುಂಚೆ. ಮತ್ತೆ, ನಿಮ್ಮವೂ ಆಸ್ಕರ್ ಆಗಿದ್ದರೆ ಇನ್ನೊಂದು. ವಾಪಸ್ ಬಿಟ್ಟ ಮೇಲೆ ನಮ್ಮದೊಂದು ಎರಡು ದಿನ ಮೂಲೆಯಲ್ಲಿ ಓರೆಯಾಗಿ ಮಲಗಿತ್ತು. ಸತ್ತೇ ಹೋಯಿತು ಅಂದುಕೊಂಡೆ. ಅದು ಬರೀ ಮುನಿಸು. ಜಾಗ ಬದಲಾದರೆ ಅವು ಹಾಗೇ ಮಾಡುತ್ತವೆ.